ಮೀನಿನ ಪಿಕಪ್‌ನ ಚಾಸಿಗೆ ತುಕ್ಕು: ಬಳಿಯಬೇಕೆ, ಬೆಸೆಯಬೇಕೆ, ಬದಲಿಸಬೇಕೆ, ಬಿಡಬೇಕೆ?

ಮೇ ತಿಂಗಳು ಅರ್ಧ ಕಳೆದರೆ ಸಾಕು, ಮಲ್ಪೆ, ಗಂಗೊಳ್ಳಿ, ಭಟ್ಕಳ, ಕಾರವಾರದ ಪಿಕಪ್ ಮಾಲೀಕರು ಗಾಡಿಯ ಕೆಳಗೆ ತಲೆ ಹಾಕತೊಡಗುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟು ದಡ ಸೇರುತ್ತದೆ, ಗಾಡಿಗೂ ಬಿಡುವು ಸಿಗುತ್ತದೆ. ಹತ್ತು ತಿಂಗಳು ನೋಡಲು ಪುರುಸೊತ್ತಿಲ್ಲದ ಚಾಸಿ ಆಗ ಕಣ್ಣಿಗೆ ಬೀಳುತ್ತದೆ: ಪದರ ಪದರವಾಗಿ ಎದ್ದ ತುಕ್ಕು, ಬೆರಳಿಟ್ಟರೆ ಉದುರುವ ಚಕ್ಕೆ. ಆಮೇಲೆ ಸಲಹೆಗಳಿಗೆ ಬರವಿಲ್ಲ. ಒಬ್ಬರು ಸುಟ್ಟ ಆಯಿಲ್ ಹೊಡೆಸಿ ಎನ್ನುತ್ತಾರೆ, ಇನ್ನೊಬ್ಬರು ಕಪ್ಪು ಕೋಟಿಂಗ್ ಮಾಡಿಸಿ ಎನ್ನುತ್ತಾರೆ, ವೆಲ್ಡಿಂಗ್ ಶಾಪಿನವರು ಪ್ಲೇಟ್ ಹಾಕಿಕೊಡುತ್ತೇವೆ ಎನ್ನುತ್ತಾರೆ, ಬ್ರೋಕರ್ ಕೊಟ್ಟುಬಿಡಿ ಎನ್ನುತ್ತಾರೆ. ಇದರಲ್ಲಿ ಯಾವುದು ಸರಿ ಎಂದು ನನ್ನನ್ನು ಕೇಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಮೀನಿನ ಗಾಡಿ ಬಂದು ಬಹಳ ವರ್ಷಗಳಾದವು. ಓಡಿಸುವುದು ಅಣ್ಣ, ಲೆಕ್ಕಪತ್ರ, ರಿಪೇರಿ ನನ್ನ ಪಾಲು. ನಮ್ಮ ಮೊದಲ ಗಾಡಿ ಬೂತಾಯಿ, ಐಸ್ ತುಂಬಿಕೊಂಡು ಆಗುಂಬೆ ಘಾಟಿ ಹತ್ತುವಾಗ ಹಿಂದಿನ ಎಡಗಡೆಯ ಹ್ಯಾಂಗರ್, ಅಂದರೆ ಪ್ಲೇಟ್ ಸ್ಪ್ರಿಂಗನ್ನು ಚಾಸಿಗೆ ತೂಗಿ ಹಿಡಿಯುವ ಬ್ರಾಕೆಟ್, ಚಾಸಿಯ ತುಂಡನ್ನೂ ಜೊತೆಗೆ ಕಿತ್ತುಕೊಂಡು ಬಂತು. ತಿರುವಿನಲ್ಲಿ ನಿಧಾನಕ್ಕೆ ಹತ್ತುತ್ತಿದ್ದುದರಿಂದ ಗಾಡಿ ಗುಡ್ಡದ ಕಡೆಗೆ ಒರಗಿ ನಿಂತಿತು, ಅಣ್ಣನಿಗೆ ಏನೂ ಆಗಲಿಲ್ಲ. ಇಳಿಯುವಾಗ ಹೀಗಾಗಿದ್ದರೆ ಎಂದು ನೆನೆದರೆ ಇವತ್ತಿಗೂ ಕೈ ತಣ್ಣಗಾಗುತ್ತದೆ. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಆ ಚಾಸಿಗೆ ಮಿರಿಮಿರಿ ಕಪ್ಪು ಬಣ್ಣ ಹೊಡೆಸಿದ್ದೆವು. ಬಣ್ಣದ ಕೆಳಗೆ ಕಬ್ಬಿಣ ಎಷ್ಟು ಉಳಿದಿದೆ ಎಂದು ಯಾರೂ ತಟ್ಟಿ ನೋಡಿರಲಿಲ್ಲ.

ಹಾಗಾಗಿ ನನ್ನ ಮಾತೆಲ್ಲ ಒಂದೇ ಕಡೆ ಬಂದು ನಿಲ್ಲುತ್ತದೆ. ತುಕ್ಕು ಎಷ್ಟಿದೆ ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದು ಮುಖ್ಯ.

ನಿರ್ಧಾರಕ್ಕೆ ಮುಂಚೆ ನೋಡಬೇಕಾದ್ದು

ಪಿಕಪ್‌ನ ಚಾಸಿ ಒಂದು ಏಣಿ ಇದ್ದಂತೆ. ಉದ್ದಕ್ಕೆ ಎರಡು ರೈಲುಗಳು, ನಡುವೆ ಅಡ್ಡಪಟ್ಟಿಗಳು, ಅಂದರೆ ಕ್ರಾಸ್ ಮೆಂಬರ್‌ಗಳು. ಲೋಡಿನ ಭಾರವೆಲ್ಲ ಈ ರೈಲುಗಳಿಂದ ಕೆಲವೇ ಜಾಗಗಳ ಮೂಲಕ ಚಕ್ರಕ್ಕೆ ಇಳಿಯುತ್ತದೆ: ಪ್ಲೇಟ್ ಸ್ಪ್ರಿಂಗ್‌ನ ಮುಂದಿನ ಬ್ರಾಕೆಟ್, ಹಿಂದಿನ ಶಾಕಲ್ ಹ್ಯಾಂಗರ್, ಆಕ್ಸಲ್ ಮೇಲೆ ರೈಲು ಬಾಗುವ ಭಾಗ. ಮುಂದೆ ಸ್ಟಿಯರಿಂಗ್ ಬಾಕ್ಸ್ ಕೂರುವ ಜಾಗ, ಕ್ಯಾಬಿನ್ ಮೌಂಟ್‌ಗಳು. ಈ ಜಾಗಗಳ ಹತ್ತಿರ ಬಂದ ಒಂದು ರೂಪಾಯಿ ಅಗಲದ ತೂತು, ಬೇರೆಡೆಯ ಒಂದು ಅಡಿ ಮೇಲ್ತುಕ್ಕಿಗಿಂತ ಅಪಾಯ. ಬ್ರಿಟನ್‌ನಲ್ಲಿ ವರ್ಷಕ್ಕೊಮ್ಮೆ ನಡೆಯುವ ವಾಹನ ತಪಾಸಣೆಯಲ್ಲಿ ಇದಕ್ಕೊಂದು ಅಳತೆ ಇಟ್ಟಿದ್ದಾರೆ: ಸಸ್ಪೆನ್ಷನ್, ಸ್ಟಿಯರಿಂಗ್, ಬ್ರೇಕ್, ಸೀಟ್ ಬೆಲ್ಟ್ ಕೂರುವ ಜಾಗದಿಂದ 30 ಸೆಂಟಿಮೀಟರ್ ಒಳಗೆ ಚಾಸಿ ತುಕ್ಕಿನಿಂದ ಬಲ ಕಳೆದುಕೊಂಡಿದ್ದರೆ ಗಾಡಿ ಫೇಲ್. ನಮ್ಮಲ್ಲಿ ಆ ನಿಯಮವಿಲ್ಲ. ಆದರೂ ಒಂದು ಅಡಿಯ ಸ್ಕೇಲು ಹಿಡಿದು ಗಾಡಿಯ ಕೆಳಗೆ ಮಲಗಿದರೆ ಅರ್ಧ ನಿರ್ಧಾರ ಅಲ್ಲೇ ಆಗುತ್ತದೆ.

ಎರಡನೆಯದು, ದಪ್ಪ. ಕಣ್ಣನ್ನು ನಂಬಬೇಡಿ, ಕಿವಿಯನ್ನು ನಂಬಿ. ಸಣ್ಣ ಸುತ್ತಿಗೆಯಿಂದ ರೈಲಿನ ಉದ್ದಕ್ಕೂ ಕುಟ್ಟುತ್ತ ಹೋಗಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ. ಕೊಳೆತ ಕಬ್ಬಿಣ ದಬ್ ಎನ್ನುತ್ತದೆ, ಚಕ್ಕೆ ಉದುರುತ್ತದೆ. ದಬ್ ಎಂದ ಕಡೆ ಸ್ಕ್ರೂ ಡ್ರೈವರ್ ಒತ್ತಿ ನೋಡಿ. ಒಳಗೆ ಇಳಿದರೆ ಅಲ್ಲಿ ಚಾಸಿ ಇಲ್ಲ ಎಂದೇ ಲೆಕ್ಕ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಉಬ್ಬುತ್ತದೆ. ಆದ್ದರಿಂದ ದಪ್ಪಗೆ ಕಾಣುವ ಜಾಗವೇ ತೆಳುವಾಗಿರುತ್ತದೆ. ರೈಲು ಇಂಗ್ಲಿಷಿನ ಸಿ ಅಕ್ಷರದ ಆಕಾರದಲ್ಲಿ ತೆರೆದಿದ್ದರೆ ಎರಡೂ ಬದಿ ನೋಡಬಹುದು. ನಾಲ್ಕೂ ಕಡೆ ಮುಚ್ಚಿದ ಬಾಕ್ಸ್ ಆಗಿದ್ದರೆ ಅದು ಒಳಗಿನಿಂದ ತಿನ್ನುತ್ತ ಬರುತ್ತದೆ, ಹೊರಗೆ ಗುಳ್ಳೆ ಎದ್ದಾಗ ಒಳಗೆ ಕೆಲಸ ಮುಗಿದಿರುತ್ತದೆ. ಮೊಬೈಲಿಗೆ ಸಿಕ್ಕಿಸುವ ಉದ್ದ ವೈರಿನ ಕ್ಯಾಮೆರಾ ಈಗ ಕಡಿಮೆ ಬೆಲೆಗೆ ಸಿಗುತ್ತದೆ. ರೈಲಿನ ತೂತಿನಿಂದ ಅದನ್ನು ಒಳಗೆ ಬಿಟ್ಟು ನೋಡದೆ ಬಾಕ್ಸ್ ಚಾಸಿಯ ಬಗ್ಗೆ ಯಾರ ಮಾತನ್ನೂ ಕೇಳಬೇಡಿ, ನನ್ನದನ್ನೂ.

ಮೂರನೆಯದು, ಗಾಡಿಯ ದುಡಿಮೆ. ದಕ್ಕೆಯಿಂದ ಐದು ಕಿಲೋಮೀಟರ್ ದೂರದ ಐಸ್ ಪ್ಲಾಂಟಿಗೆ ಓಡುವ ಗಾಡಿಯೂ, ಶಿರಾಡಿ ಹತ್ತಿ ಹಾಸನಕ್ಕೆ ಅಥವಾ ಅರಬೈಲು ಘಾಟಿ ಹತ್ತಿ ಹುಬ್ಬಳ್ಳಿಗೆ ರಾತ್ರೋರಾತ್ರಿ ಹೋಗುವ ಗಾಡಿಯೂ ಒಂದೇ ಅಲ್ಲ. ನಾಲ್ಕನೆಯದು, ಕಾಗದ. ಸರಕು ಗಾಡಿಗೆ ಎಂಟು ವರ್ಷದವರೆಗೆ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಹದಿನೈದು ದಾಟಿದರೆ ಶುಲ್ಕವೂ ಬಹಳ ಏರುತ್ತದೆ. ಇನ್ನು ಹಣ. ಇದನ್ನು ಬರೀ ಬಿಲ್ ಮೊತ್ತವಾಗಿ ನೋಡಬೇಡಿ, ಆ ಹಣಕ್ಕೆ ಗಾಡಿ ಇನ್ನೆಷ್ಟು ಸೀಸನ್ ದುಡಿಯುತ್ತದೆ ಎಂದು ಭಾಗಿಸಿ ನೋಡಿ.

ಇಷ್ಟೆಲ್ಲ ನೋಡುವ ಮೊದಲು ಒಂದು ಕೆಲಸ: ಹಿಂದಿನ ಚಕ್ರಕ್ಕೆ ಹೋಗುವ ಬ್ರೇಕ್ ಪೈಪನ್ನು ಬಟ್ಟೆಯಿಂದ ಒರೆಸಿ ನೋಡಿ. ಅದು ತೆಳ್ಳನೆಯ ಉಕ್ಕಿನ ಕೊಳವೆ, ಚಾಸಿಗೆ ಅಂಟಿಕೊಂಡೇ ಓಡುತ್ತದೆ, ಕ್ಲಿಪ್ ಹಿಡಿದ ಕಡೆ ಉಪ್ಪು ಕೂರುತ್ತದೆ. ಚಾಸಿ ತೂತಾಗುವ ಮೊದಲೇ ಅದು ತೂತಾಗಬಹುದು. ಒರಟು ತುಕ್ಕು ಕಂಡರೆ ಉಳಿದ ನಿರ್ಧಾರ ಏನೇ ಇರಲಿ, ಪೈಪ್ ಈ ವಾರವೇ ಬದಲಿಸಿ.

ನಮ್ಮ ಕಡೆ ಇಷ್ಟು ಬೇಗ ಏಕೆ?

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಮೀನಿನ ಜೊತೆ ಬಂದ ಆ ನೀರು ಐಸ್ ಕರಗಿದ ನೀರಿನೊಡನೆ ಸೇರಿ ಬಾಡಿಯ ಸಂದಿನಿಂದ ರೈಲಿನ ಮೇಲೆ ತೊಟ್ಟಿಕ್ಕುತ್ತದೆ. ಮೀನಿನ ನೀರು ರಸ್ತೆಗೆ ಬಿದ್ದರೆ ಬೈಕಿನವರು ಜಾರಿ ಬೀಳುತ್ತಾರೆ, ದಂಡವೂ ಬೀಳುತ್ತದೆ. ಅದಕ್ಕೆ ಅನೇಕರು ಬಾಡಿಯ ಕೆಳಗೆ ಟ್ಯಾಂಕ್, ಪೈಪ್ ಕೂರಿಸಿಕೊಂಡಿದ್ದಾರೆ. ಒಳ್ಳೆಯದೇ. ಆದರೆ ಆ ಪೈಪಿನ ಜಾಯಿಂಟ್ ಸೋರುವುದು ನೇರ ಚಾಸಿಯ ಮೇಲೆ, ಹೆಚ್ಚಾಗಿ ಹಿಂದಿನ ಹ್ಯಾಂಗರ್ ಹತ್ತಿರ. ನಮ್ಮ ಗಾಡಿಯಲ್ಲಿ ಆದದ್ದೂ ಇದೇ.

ಉಪ್ಪಿನ ಇನ್ನೊಂದು ಗುಣವೆಂದರೆ, ಗಾಳಿಯ ತೇವ ಶೇ 75 ದಾಟಿದರೆ ಅದು ತಾನೇ ನೀರು ಎಳೆದುಕೊಳ್ಳುತ್ತದೆ. ಮಳೆಗಾಲದ ಕರಾವಳಿಯಲ್ಲಿ ತೇವ ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ನಿಂತ ಗಾಡಿ ಒಣಗಿದಂತೆ ಕಂಡರೂ ರೈಲಿನ ಮೂಲೆಯ ಮಣ್ಣು ಎರಡು ತಿಂಗಳೂ ಹಸಿಯಾಗಿಯೇ ಇರುತ್ತದೆ. ರಜೆಯಲ್ಲಿ ಗಾಡಿಗೆ ವಿಶ್ರಾಂತಿ, ತುಕ್ಕಿಗೆ ಅಲ್ಲ.

ಇದು ಮಾಲೀಕರ ಅಸಡ್ಡೆಯಿಂದ ಮಾತ್ರ ಆಗುವಂಥದ್ದೂ ಅಲ್ಲ. ಅಮೆರಿಕದ ಚಳಿ ರಾಜ್ಯಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಎರಚುತ್ತಾರೆ. ಅಲ್ಲಿ ಟೊಯೊಟಾ ಟಕೋಮಾ ಪಿಕಪ್‌ಗಳ ಚಾಸಿ ತೂತು ಬಿದ್ದು, 1995ರಿಂದ 2000ದವರೆಗಿನ ಮಾದರಿಗಳಿಗೆ ಕಂಪನಿ 2008ರಲ್ಲಿ ಚಾಸಿಯ ವಾರಂಟಿಯನ್ನು 15 ವರ್ಷಕ್ಕೆ ವಿಸ್ತರಿಸಿತು, ತೀರ ಕೆಟ್ಟವನ್ನು ಮರಳಿ ಕೊಂಡಿತು. 2009ರಲ್ಲಿ ಅದೇ ಕಂಪನಿ ತನ್ನ ಟುಂಡ್ರಾ ಪಿಕಪ್‌ಗಳನ್ನು ವಾಪಸ್ ಕರೆಸಿದ್ದು ಸ್ಟೆಪ್ನಿ ತೂಗುವ ಹಿಂದಿನ ಕ್ರಾಸ್ ಮೆಂಬರ್ ತುಕ್ಕು ತಿಂದು ಟೈರ್ ರಸ್ತೆಗೆ ಬೀಳಬಹುದು ಎಂಬ ಕಾರಣಕ್ಕೆ. 2016ರಲ್ಲಿ ಸುಮಾರು 15 ಲಕ್ಷ ಗಾಡಿಗಳ ಬಗ್ಗೆ ಕಂಪನಿ ಮಾಲೀಕರ ಜೊತೆ ರಾಜಿ ಮಾಡಿಕೊಂಡಿತು. ಇದರಿಂದ ನಮಗೆ ಕಲಿಯಲಿಕ್ಕಿರುವುದು ಸ್ಟೆಪ್ನಿಯ ಜಾಗ. ನಮ್ಮಲ್ಲಿ ಯಾರೂ ಅಲ್ಲಿ ಕೈ ಹಾಕಿ ನೋಡುವುದಿಲ್ಲ. ಸ್ಟೆಪ್ನಿ ಇಳಿಸಿ ಅದರ ಮೇಲಿನ ಪಟ್ಟಿಯನ್ನೂ ಕುಟ್ಟಿ ನೋಡಿ.

ಮೊದಲ ದಾರಿ: ತೊಳೆದು, ಒಣಗಿಸಿ, ಹಾಗೇ ಓಡಿಸುವುದು

ಕುಟ್ಟಿದಲ್ಲೆಲ್ಲ ಠಣ್ ಎಂದರೆ, ತುಕ್ಕು ಬರೀ ಕೆಂಪು ಪುಡಿಯಾಗಿದ್ದರೆ, ಇದೇ ಸಾಕು. ಪ್ರತಿ ಟ್ರಿಪ್ ಮುಗಿದ ಮೇಲೆ ಕೆಳಗಿನಿಂದ ಸಿಹಿನೀರು ಹೊಡೆಯಬೇಕು, ರೈಲಿನ ಒಳಗೂ. ಎಚ್ಚರವಿರಲಿ: ಮಾರ್ಚಿನಿಂದ ಮಳೆ ಹಿಡಿಯುವವರೆಗೆ ಅಳಿವೆ, ಹೊಳೆ ಬದಿಯ ಬಾವಿಗಳ ನೀರು ಉಪ್ಪಾಗಿರುತ್ತದೆ. ಆ ನೀರಿನಲ್ಲಿ ವಾಟರ್ ಸರ್ವಿಸ್ ಮಾಡಿಸಿದರೆ ಕೊಟ್ಟ ಹಣಕ್ಕೆ ಉಪ್ಪು ಕೊಂಡಂತೆ. ಸರ್ವಿಸ್ ಸ್ಟೇಷನ್‌ನ ನೀರನ್ನು ಒಂದು ಸಲ ನಾಲಿಗೆಗೆ ಮುಟ್ಟಿಸಿ ನೋಡುವುದರಲ್ಲಿ ನಾಚಿಕೆ ಬೇಡ.

ಎರಡನೇ ದಾರಿ: ಬಳಿಯುವುದು

ಬಳಿಯುವುದರಲ್ಲೇ ನಾಲ್ಕು ಬಗೆ ಇದೆ. ಹೆಚ್ಚು ಜನ ಎಡವುವುದೂ ಇಲ್ಲಿಯೇ, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸುಟ್ಟ ಆಯಿಲ್ ನಮ್ಮೂರಿನ ಹಳೆಯ ಮದ್ದು. ಹೆಚ್ಚುಕಡಿಮೆ ಪುಕ್ಕಟೆ ಸಿಗುತ್ತದೆ, ಸಂದುಗೊಂದಿಗೆ ಹರಿಯುತ್ತದೆ, ಕೆಲವು ವಾರ ನೀರನ್ನು ದೂರ ಇಡುತ್ತದೆ. ಆದರೆ ನಾಲ್ಕು ಸಲ ತೊಳೆದರೆ ಹೋಯಿತು. ಕ್ಯಾಬಿನ್ ಮೌಂಟಿನ, ಪ್ಲೇಟ್ ಸ್ಪ್ರಿಂಗ್‌ನ ರಬ್ಬರ್ ಬುಷ್‌ಗಳು ಉಬ್ಬಿ ಮೆತ್ತಗಾಗುತ್ತವೆ. ಎಂಜಿನ್ನಿನಲ್ಲಿ ಸುಟ್ಟ ಎಣ್ಣೆಯಲ್ಲಿ ಆಮ್ಲವೂ ಚರ್ಮಕ್ಕೆ, ದೇಹಕ್ಕೆ ಕೆಡುಕು ಮಾಡುವ ಅಂಶಗಳೂ ಇರುತ್ತವೆ. ಅದು ಅಂಗಳಕ್ಕೆ ತೊಟ್ಟಿಕ್ಕಿದರೆ ಮಳೆನೀರಿನ ಜೊತೆ ಬಾವಿಗೇ ಇಳಿಯುತ್ತದೆ. ಮೇಲಾಗಿ ಒಂದು ಸಲ ಆಯಿಲ್ ಕುಡಿದ ತುಕ್ಕಿನ ಮೇಲೆ ಮುಂದೆ ಯಾವ ಬಣ್ಣವೂ ಸರಿಯಾಗಿ ಹಿಡಿಯುವುದಿಲ್ಲ. ಮನುಷ್ಯರು ತಿನ್ನುವ ಮೀನು ಸಾಗಿಸುವ ಗಾಡಿಗೆ ಇದನ್ನು ನಾನು ಖಂಡಿತ ಹೇಳುವುದಿಲ್ಲ. ಎಣ್ಣೆಯ ಹಿಂದಿನ ಯೋಚನೆ ತಪ್ಪಲ್ಲ, ಎಣ್ಣೆಯ ಆಯ್ಕೆ ತಪ್ಪು. ಮರದ ದೋಣಿಗೆ ನಮ್ಮ ಹಿರಿಯರು ಗೇರೆಣ್ಣೆ, ಮೀನೆಣ್ಣೆ ಬಳಿಯುತ್ತಿದ್ದರು. ಅಮೆರಿಕದಲ್ಲಿ 1921ರಲ್ಲಿ ಶುರುವಾದ ರಸ್ಟ್ ಓಲಿಯಂ ಕಂಪನಿಯ ಮೊದಲ ತುಕ್ಕು ನಿರೋಧಕ ಬಣ್ಣದ ಬುಡವೂ ಮೀನೆಣ್ಣೆಯೇ.

ಈಗ ಎಣ್ಣೆಯ ಜಾಗಕ್ಕೆ ಮೇಣದ ಸ್ಪ್ರೇ ಬಂದಿದೆ, ಕ್ಯಾವಿಟಿ ವ್ಯಾಕ್ಸ್ ಎಂದು ಕೇಳಿ. ಉದ್ದ ಕೊಳವೆಯ ತುದಿಯಿಂದ ಬಾಕ್ಸ್ ರೈಲಿನ ಒಳಗೆ ಹೊಡೆಯಬಹುದು. ಅದು ಗಟ್ಟಿಯಾಗಿ ಬಿರಿಯುವುದಿಲ್ಲ, ಗೀರು ಬಿದ್ದರೆ ತಾನೇ ಸ್ವಲ್ಪ ಹರಿದು ಮುಚ್ಚಿಕೊಳ್ಳುತ್ತದೆ. ಬ್ರಷ್ ಹೋಗದ ಒಳಭಾಗಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ. ವರ್ಷಕ್ಕೊಮ್ಮೆ ಹೊಡೆಯಬೇಕು, ಖರ್ಚು ಕೆಲವು ಸಾವಿರ. ಹೊಡೆಯುವಾಗ ರೈಲಿನ ಅಡಿಯ ನೀರಿಳಿಯುವ ತೂತು ಮುಚ್ಚದಂತೆ ನೋಡಿಕೊಳ್ಳಿ.

ಮೂರನೆಯದು ಟಾರಿನಂಥ ಅಥವಾ ರಬ್ಬರಿನಂಥ ದಪ್ಪ ಕಪ್ಪು ಕೋಟಿಂಗ್. ಹೊಸ ಗಾಡಿಗೆ, ಶುಭ್ರ ಲೋಹಕ್ಕೆ ಇದು ಒಳ್ಳೆಯ ಕವಚ. ಕಲ್ಲು ಸಿಡಿದರೆ ತಡೆಯುತ್ತದೆ, ಸದ್ದೂ ತಗ್ಗುತ್ತದೆ. ಹಳೆಯ ತುಕ್ಕಿನ ಮೇಲೆ ಹೊಡೆದರೆ ಹಸಿ ಗಾಯಕ್ಕೆ ಪ್ಲಾಸ್ಟಿಕ್ ಸುತ್ತಿದಂತೆ. ಒಂದು ಕಡೆ ಬಿರುಕು ಬಿಟ್ಟರೆ ಉಪ್ಪುನೀರು ಒಳಹೊಕ್ಕು ಹೊರಬರುವುದಿಲ್ಲ, ಕೋಟಿಂಗ್‌ನ ಅಡಿಯಲ್ಲೇ ಹರಡುತ್ತದೆ, ನಿಮಗೆ ಕಾಣುವುದೂ ಇಲ್ಲ. ನಮ್ಮ ಮೊದಲ ಗಾಡಿಯ ಕಪ್ಪು ಬಣ್ಣ ಮಾಡಿದ್ದು ಇದನ್ನೇ. ಆರು ವರ್ಷ ದಾಟಿದ ಮೀನಿನ ಗಾಡಿಗೆ ಯಾರಾದರೂ ಒಂದೇ ದಿನದಲ್ಲಿ ತೊಳೆದು, ಕೋಟಿಂಗ್ ಹೊಡೆದು ಕೊಡುತ್ತೇವೆ ಎಂದರೆ ಒಪ್ಪಬೇಡಿ.

ನಾಲ್ಕನೆಯದು ಸರಿಯಾದ ಕೆಲಸ, ಶ್ರಮದ ಕೆಲಸ. ಮೊದಲು ಸಿಹಿನೀರಿನಲ್ಲಿ ಎರಡು ಮೂರು ಸಲ ತೊಳೆದು ಉಪ್ಪು ತೆಗೆಯಬೇಕು. ಉಪ್ಪು ಉಳಿದರೆ ಎಂಥ ಬಣ್ಣವೂ ಗುಳ್ಳೆ ಏಳುತ್ತದೆ. ಆಮೇಲೆ ಚಿಪ್ಪಿಂಗ್ ಸುತ್ತಿಗೆ, ಗ್ರೈಂಡರ್‌ಗೆ ಹಾಕುವ ವೈರ್ ಬ್ರಷ್‌ನಿಂದ ಚಕ್ಕೆ ಎಲ್ಲವನ್ನೂ ತೆಗೆಯಬೇಕು. ಉಳಿದ ತೆಳು, ಬಿಗಿ ತುಕ್ಕಿಗೆ ರಸ್ಟ್ ಕನ್ವರ್ಟರ್. ಅದರಲ್ಲಿರುವ ಟ್ಯಾನಿಕ್ ಅಥವಾ ಫಾಸ್ಫಾರಿಕ್ ಆಮ್ಲ ತುಕ್ಕನ್ನು ಗಟ್ಟಿ ಕಪ್ಪು ಪದರವಾಗಿ ಮಾರ್ಪಡಿಸುತ್ತದೆ. ಚಕ್ಕೆಯ ಮೇಲೆ ಬಳಿದರೆ ಚಕ್ಕೆಯ ನೆತ್ತಿ ಮಾತ್ರ ಕಪ್ಪಾಗುತ್ತದೆ, ಕೆಳಗೆ ತುಕ್ಕು ಹಾಗೇ ಇರುತ್ತದೆ. ಕನ್ವರ್ಟರ್ ಮೇಲೆ ಎರಡು ಕೈ ಎಪಾಕ್ಸಿ ಪ್ರೈಮರ್, ಆಮೇಲೆ ಪಿಯು (ಪಾಲಿಯುರೆಥೇನ್) ಬಣ್ಣ. ಜಿಂಕ್ ಪ್ರೈಮರ್ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಒಳ್ಳೆಯದೇ, ಆದರೆ ಸತುವು ಬರಿ ಉಕ್ಕನ್ನು ನೇರ ಮುಟ್ಟಿದರೆ ಮಾತ್ರ ಕೆಲಸ ಮಾಡುತ್ತದೆ. ತುಕ್ಕಿನ ಮೇಲೋ ಕನ್ವರ್ಟರ್ ಮೇಲೋ ಹೊಡೆದರೆ ಅದು ಬರೀ ಬೂದು ಬಣ್ಣ. ಬಾಡಿ ಇಳಿಸಿ, ಉಕ್ಕಿನ ಬೋಟಿಗೆ ಮಾಡುವಂತೆ ಬ್ಲಾಸ್ಟಿಂಗ್ ಮಾಡಿಸುವವರಿಗೆ ಮಾತ್ರ ಜಿಂಕ್.

ಬಾಡಿ ಇಳಿಸದೆ ಮಾಡಿದರೆ ಹತ್ತು ಸಾವಿರದ ಆಚೀಚೆ, ಇಳಿಸಿ ಮಾಡಿಸಿದರೆ ಅದರ ಎರಡು ಮೂರು ಪಟ್ಟು ಹಣ, ಜೊತೆಗೆ ವಾರದ ಕೆಲಸ ಎಂದು ಅಂದಾಜಿಟ್ಟುಕೊಳ್ಳಿ. ಬಾಡಿ ಇಳಿಸಿದರೇ ರೈಲಿನ ನೆತ್ತಿ ಕಾಣುವುದು, ಮೀನಿನ ನೀರು ಮೊದಲು ಬೀಳುವುದು ಅಲ್ಲಿಗೇ. ನನ್ನ ಮತ ಇಳಿಸುವುದಕ್ಕೇ. ಮತ್ತೆ ಕೂರಿಸುವಾಗ ಸ್ಟೇನ್‌ಲೆಸ್ ಅಥವಾ ಅಲ್ಯುಮಿನಿಯಂ ಶೀಟು ಚಾಸಿಯನ್ನು ನೇರ ಮುಟ್ಟದಂತೆ ನಡುವೆ ರಬ್ಬರ್ ಪಟ್ಟಿ ಹಾಕಿಸಿ. ಎರಡು ಬಗೆಯ ಲೋಹ, ನಡುವೆ ಉಪ್ಪುನೀರು ಸೇರಿದರೆ ಒಂದು ಇನ್ನೊಂದನ್ನು ತಿನ್ನಿಸುತ್ತದೆ: ಸ್ಟೇನ್‌ಲೆಸ್ ಪಕ್ಕದಲ್ಲಿ ಚಾಸಿ ಸವೆಯುತ್ತದೆ, ಚಾಸಿಯ ಪಕ್ಕದಲ್ಲಿ ಅಲ್ಯುಮಿನಿಯಂ ಸವೆಯುತ್ತದೆ.

ಬಳಿಯುವುದರ ಮಿತಿಯನ್ನೂ ಹೇಳಿಬಿಡುತ್ತೇನೆ. ಬಣ್ಣ ಉಳಿದದ್ದನ್ನು ಕಾಯುತ್ತದೆ, ಹೋದ ಬಲವನ್ನು ತರುವುದಿಲ್ಲ. ಸ್ಕ್ರೂ ಡ್ರೈವರ್ ಇಳಿದ ಜಾಗ ಇದ್ದರೆ ಈ ದಾರಿ ನಿಮಗಲ್ಲ.

ಮೂರನೇ ದಾರಿ: ಪ್ಲೇಟ್ ಹಾಕಿ ಬೆಸೆಯುವುದು

ತೂತು ಒಂದೆರಡು ಕಡೆ ಮಾತ್ರ ಇದ್ದು, ಸುತ್ತಲಿನ ಒಂದು ಅಡಿ ಗಟ್ಟಿಯಾಗಿದ್ದರೆ ವೆಲ್ಡಿಂಗ್ ಸರಿಯಾದ ದಾರಿ. ಇಲ್ಲಿ ಬೆಸುಗೆಯವರ ಕೈಗುಣವೇ ಎಲ್ಲ. ಶಾಪಿನಲ್ಲಿ ಕೇಳಬೇಕಾದ ಕೆಲವು ಪ್ರಶ್ನೆಗಳಿವೆ, ಉತ್ತರ ಕೇಳಿದರೆ ಅವರು ಚಾಸಿ ಕೆಲಸ ಬಲ್ಲವರೋ ಗೇಟು ಗ್ರಿಲ್ ಮಾಡುವವರೋ ತಿಳಿಯುತ್ತದೆ.

ಕೊಳೆತದ್ದನ್ನು ಕತ್ತರಿಸಿ ತೆಗೆಯುತ್ತೀರೋ, ಅದರ ಮೇಲೇ ಪ್ಲೇಟ್ ಮುಚ್ಚುತ್ತೀರೋ? ಕತ್ತರಿಸಬೇಕು. ಮೇಲೆ ಮುಚ್ಚಿದರೆ ನಡುವೆ ಸಿಕ್ಕ ಉಪ್ಪು ಎರಡನ್ನೂ ತಿನ್ನುತ್ತದೆ. ಪ್ಲೇಟಿನ ಆಕಾರ ಯಾವುದು? ಚೌಕ ತುಂಡನ್ನು ರೈಲಿಗೆ ಅಡ್ಡ ಗೆರೆಯಂತೆ ಬೆಸೆದರೆ ಆ ಗೆರೆಯಲ್ಲೇ ಮುಂದೆ ಬಿರುಕು ಬರುತ್ತದೆ. ತುದಿ ಓರೆಯಾಗಿರಬೇಕು, ಗಾಳಿಪಟದ ಆಕಾರದಲ್ಲಿ. ರೈಲಿನ ಮೇಲಿನ ಮತ್ತು ಕೆಳಗಿನ ಅಂಚು ಅತಿ ಹೆಚ್ಚು ಎಳೆತ, ಒತ್ತಡ ತಿನ್ನುವ ಭಾಗ. ಅಲ್ಲಿ ತೂತು ಕೊರೆಯಬಾರದು, ಅಡ್ಡ ಬೆಸುಗೆ ಹಾಕಬಾರದು. ಯಾವ ರಾಡ್? 7018 ಎಂದರೆ ಸಮಾಧಾನ. ಸಿಓಟು ವೆಲ್ಡಿಂಗ್ ಆದರೂ ಸರಿ, ಆದರೆ ಬೆಸುಗೆ ಸುತ್ತಲೂ ಬಿಡುವಿಲ್ಲದೆ ಓಡಿರಬೇಕು; ಚುಕ್ಕಿ ಚುಕ್ಕಿ ಹಾಕಿ ನಡುವೆ ಪುಟ್ಟಿ ತುಂಬಿದ್ದು ಬೇಡ. ಪ್ಲೇಟಿನ ದಪ್ಪ ಮೂಲ ರೈಲಿನಷ್ಟೇ ಇರಲಿ. ಬಲ ಹೆಚ್ಚಲಿ ಎಂದು ಎರಡು ಪಟ್ಟು ದಪ್ಪದ್ದು ಹಾಕಿದರೆ ಬಾಗುವ ಕೆಲಸವೆಲ್ಲ ಅದರ ಅಂಚಿಗೆ ಬಂದು ಅಲ್ಲಿ ಸೀಳುತ್ತದೆ.

ಬೆಸೆಯುವ ಮುನ್ನ ಬ್ಯಾಟರಿ ಕಳಚಿರಬೇಕು, ಇಸಿಯು (ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಇರುವ ಗಾಡಿಗಳಲ್ಲಿ ಅದರ ಕನೆಕ್ಟರನ್ನೂ. ಡೀಸೆಲ್ ಟ್ಯಾಂಕ್ ಹತ್ತಿರವಿದ್ದರೆ ಇಳಿಸಬೇಕು. ಕೆಲವು ಗಾಡಿಗಳ ಚಾಸಿ ಹೆಚ್ಚು ಬಲದ ವಿಶೇಷ ಉಕ್ಕಿನದು, ಬೆಸುಗೆಯ ಬಿಸಿಗೆ ಸುತ್ತಲಿನ ಲೋಹ ಮೆತ್ತಗಾಗುತ್ತದೆ. ನಿಮ್ಮ ಮಾದರಿಗೆ ಕಂಪನಿಯ ರಿಪೇರಿ ಸೂಚನೆ ಏನಿದೆ ಎಂದು ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿಯೇ ಮುಂದುವರಿಯಿರಿ.

ಖರ್ಚು ಒಂದು ಜಾಗಕ್ಕೆ ಕೆಲವು ಸಾವಿರದಿಂದ ಶುರುವಾಗಿ, ಹ್ಯಾಂಗರ್ ಸಮೇತವಾದರೆ ಹತ್ತು ಇಪ್ಪತ್ತು ಸಾವಿರದತ್ತ ಹೋಗುತ್ತದೆ. ಊರೊಳಗೆ, ಅರ್ಧ ಲೋಡಿನಲ್ಲಿ ಓಡುವ ಗಾಡಿಗೆ ಇದಕ್ಕಿಂತ ಲಾಭದ ದಾರಿ ಇಲ್ಲ. ಘಾಟಿ ಹತ್ತುವ ಗಾಡಿಯಾದರೆ ಹ್ಯಾಂಗರ್ ಹತ್ತಿರದ ಬೆಸುಗೆಯನ್ನು ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ನೋಡಬೇಕು, ಲೋಡನ್ನು ಪರ್ಮಿಟ್ಟಿನ ಒಳಗೇ ಇಡಬೇಕು. ಒಂದೂವರೆ ಟನ್ ಹೊರುವ ಗಾಡಿಗೆ ಎರಡೂವರೆ ಟನ್ ಹೇರುವವರು ಯಾವ ಬೆಸುಗೆಯನ್ನೂ ನಂಬುವಂತಿಲ್ಲ. ನಾಲ್ಕೈದು ಕಡೆ ಪ್ಲೇಟ್ ಬೇಕು ಎಂದು ಶಾಪಿನವರು ಹೇಳಿದರೆ ಅಲ್ಲಿಗೆ ನಿಲ್ಲಿಸಿ. ಅಂಥ ಚಾಸಿಯಲ್ಲಿ ಪ್ಲೇಟನ್ನು ಹಿಡಿದುಕೊಳ್ಳಲು ಗಟ್ಟಿ ಕಬ್ಬಿಣವೇ ಉಳಿದಿರುವುದಿಲ್ಲ.

ನಾಲ್ಕನೇ ದಾರಿ: ಚಾಸಿಯನ್ನೇ ಬದಲಿಸುವುದು

ಎಂಜಿನ್, ಗೇರ್‌ಬಾಕ್ಸ್ ಚೆನ್ನಾಗಿದೆ, ಚಾಸಿ ಮಾತ್ರ ಹೋಗಿದೆ ಎಂದಾಗ ಮನಸ್ಸು ಇಲ್ಲಿಗೆ ಓಡುತ್ತದೆ. ಹೊಸ ಫ್ರೇಮ್, ಕೂಲಿ, ಬುಷ್, ಪೈಪ್, ಬೋಲ್ಟ್ ಎಲ್ಲ ಸೇರಿ ಲಕ್ಷ ದಾಟುವ ಮಾತು, ವಾರಗಟ್ಟಲೆ ಗಾಡಿ ನಿಲ್ಲುತ್ತದೆ. ಹಣಕ್ಕಿಂತ ದೊಡ್ಡ ತೊಡಕು ಕಾಗದದ್ದು. ಗಾಡಿಯ ಗುರುತೇ ಚಾಸಿ ನಂಬರ್, ಅದು ಕೆತ್ತಿರುವುದು ಇದೇ ರೈಲಿನ ಮೇಲೆ. ಆರ್‌ಟಿಒದಿಂದ ಮೊದಲೇ ಲಿಖಿತ ಅನುಮತಿ ಪಡೆಯದೆ ಕೈ ಹಾಕಿದರೆ ಎಫ್‌ಸಿಯೂ ಇಲ್ಲ, ಅಪಘಾತವಾದರೆ ವಿಮೆಯೂ ಕೈಕೊಡಬಹುದು. ಗುಜರಿಯಲ್ಲಿ ಒಳ್ಳೆಯ ಚಾಸಿ ಸಿಗುತ್ತದೆ, ನಂಬರ್ ಹೊಡೆದು ಕೊಡುತ್ತೇವೆ ಎನ್ನುವವರಿದ್ದರೆ ಅಲ್ಲಿಂದ ಎದ್ದು ಬನ್ನಿ. ಅದು ರಿಪೇರಿಯಲ್ಲ, ಅಪರಾಧ.

ಎಂಟು ವರ್ಷದೊಳಗಿನ, ಸಾಲ ತೀರಿದ, ಕಂಪನಿಯಲ್ಲಿ ಫ್ರೇಮ್ ಇನ್ನೂ ಸಿಗುವ ಗಾಡಿಗೆ ಮಾತ್ರ ಇದನ್ನು ಯೋಚಿಸಬಹುದು. ಹನ್ನೆರಡು ದಾಟಿದ ಗಾಡಿಗೆ ಬೇಡ.

ಐದನೇ ದಾರಿ: ಬಿಡುವುದು

ಹ್ಯಾಂಗರ್ ಹತ್ತಿರ ತೂತು, ನಾಲ್ಕೈದು ಕಡೆ ದಬ್ ಎನ್ನುವ ಸದ್ದು, ವಯಸ್ಸು ಹದಿನೈದರ ಹತ್ತಿರ. ಈ ಮೂರೂ ಸೇರಿದರೆ ಗಾಡಿಯನ್ನು ಬಿಟ್ಟುಬಿಡಿ. ದುಡಿದು ಮನೆ ಸಾಕಿದ ಗಾಡಿ, ಮನಸ್ಸು ಬರುವುದಿಲ್ಲ, ನನಗೆ ಗೊತ್ತು. ಹಾಗೆಂದು ಕಪ್ಪು ಬಣ್ಣ ಬಳಿದು ಘಟ್ಟದ ಮೇಲಿನವರಿಗೆ ಮಾರಬೇಡಿ. ಅದರ ಸ್ಟಿಯರಿಂಗ್ ಹಿಡಿಯುವವನೂ ಯಾರದೋ ಅಣ್ಣ.

2021ರ ಕೇಂದ್ರ ನಿಯಮದಂತೆ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಒಪ್ಪಿಸಿದರೆ ಠೇವಣಿ ಪ್ರಮಾಣಪತ್ರ ಸಿಗುತ್ತದೆ. ಅದನ್ನು ತೋರಿಸಿ ಹೊಸ ಸರಕು ಗಾಡಿ ಕೊಂಡರೆ ರಸ್ತೆ ತೆರಿಗೆಯಲ್ಲಿ ಶೇ 15ರವರೆಗೆ ರಿಯಾಯಿತಿಗೆ ಅವಕಾಶವಿದೆ; ನಮ್ಮ ರಾಜ್ಯದಲ್ಲಿ ಈಗ ಎಷ್ಟು ಕೊಡುತ್ತಾರೆ ಎಂದು ಆರ್‌ಟಿಒದಲ್ಲಿ ಕೇಳಿಕೊಳ್ಳಿ. ಊರಿನ ಗುಜರಿಯವರು ಕೈಗೆ ನಗದು ಕೊಡುತ್ತಾರೆ, ಆದರೆ ಆರ್‌ಸಿ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ. ಗಾಡಿ ಒಡೆಸಿದರೆ ಹದಿನಾಲ್ಕು ದಿನದೊಳಗೆ ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದು ಮಾಡಿಸಲೇಬೇಕು.

ಬದಲಿಗೆ ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಒಂದು ಮಾತು. ಒಂದೇ ವರ್ಷದ, ಒಂದೇ ಮಾದರಿಯ ಎರಡು ಗಾಡಿ ಇದ್ದು, ಒಂದು ನಮ್ಮ ಕರಾವಳಿಯ ಉಡುಪಿಯ ಕೆಎ 20, ಇನ್ನೊಂದು ಚಿತ್ರದುರ್ಗದ ಕೆಎ 16 ಅಥವಾ ದಾವಣಗೆರೆಯ ಕೆಎ 17 ಆದರೆ, ಸ್ವಲ್ಪ ಹೆಚ್ಚು ಕೊಟ್ಟಾದರೂ ಬಯಲುಸೀಮೆಯದನ್ನೇ ನೋಡಿ. ಈರುಳ್ಳಿ, ಮೆಕ್ಕೆಜೋಳ ಹೊತ್ತ ಚಾಸಿಗೂ ಬಂಗುಡೆ ಹೊತ್ತ ಚಾಸಿಗೂ ಹೋಲಿಕೆಯೇ ಇಲ್ಲ. ನಂಬರ್ ಪ್ಲೇಟ್ ಒಂದನ್ನೇ ನಂಬದೆ ಹಳೆಯ ಎಫ್‌ಸಿ, ವಿಮೆ ಕಾಗದ ಎಲ್ಲಿಯವು ಎಂದೂ ನೋಡಿ. ಮತ್ತೆ, ಹೊಸದಾಗಿ ಕಪ್ಪು ಬಳಿದ ಚಾಸಿ ಕಂಡರೆ ಸುತ್ತಿಗೆ ಇಲ್ಲದೆ ಮಾತಿಗೆ ಕೂರಬೇಡಿ.

ಯಾವಾಗ ಮಾಡಿಸುವುದು?

ರಜೆ ಜೂನಿನಲ್ಲಿ ಸಿಗುತ್ತದೆ ಎಂದು ಬಣ್ಣವನ್ನೂ ಜೂನಿಗೆ ಇಟ್ಟುಕೊಳ್ಳುತ್ತಾರೆ. ಮೇಲೆ ಹೇಳಿದ ತೇವದಲ್ಲಿ ತಣ್ಣನೆಯ ಲೋಹದ ಮೇಲೆ ಕಣ್ಣಿಗೆ ಕಾಣದ ನೀರಿನ ಪೊರೆ ಕೂತಿರುತ್ತದೆ. ಬಣ್ಣದ ಕೆಲಸದವರ ಲೆಕ್ಕದಲ್ಲಿ ಲೋಹದ ಬಿಸಿ ಇಬ್ಬನಿ ಕೂರುವ ಬಿಸಿಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಜಡಿಮಳೆಯ ದಿನ ತೆರೆದ ಶೆಡ್ಡಿನಲ್ಲಿ ಅದು ಸಾಧ್ಯವಿಲ್ಲ. ಆದ್ದರಿಂದ ನಾವು ಮೂರು ವರ್ಷದಿಂದ ಕೆಲಸವನ್ನು ಎರಡು ಭಾಗ ಮಾಡಿದ್ದೇವೆ. ಏಪ್ರಿಲ್ ಕೊನೆಯ ವಾರ, ಮೀನು ಕಡಿಮೆ ಇರುವ ಐದಾರು ದಿನ ನೋಡಿ ಬಾಡಿ ಇಳಿಸಿ, ತೊಳೆದು, ಕೆರೆದು, ಬಣ್ಣ ಮುಗಿಸುತ್ತೇವೆ. ಬೆಸುಗೆ ಬೇಕೆಂದು ಗೊತ್ತಾದರೆ ಬಣ್ಣಕ್ಕೆ ಮೊದಲೇ ಅದನ್ನೂ. ಬುಷ್, ಪೈಪ್, ಬೋಲ್ಟ್, ಒಳಗಿನ ಮೇಣ ಇವೆಲ್ಲ ಜೂನಿನಲ್ಲಿ, ಶೆಡ್ಡಿನ ಒಳಗೆ. ರಜೆಯುದ್ದಕ್ಕೂ ಗಾಡಿಯನ್ನು ಹುಲ್ಲಿನ ಮೇಲೆ ನಿಲ್ಲಿಸದೆ ಕಲ್ಲು ಹಾಸಿದ ಕಡೆ ನಿಲ್ಲಿಸುತ್ತೇವೆ, ಟಾರ್ಪಾಲು ಮೇಲಕ್ಕಷ್ಟೇ, ಬದಿಗೆ ಗಾಳಿ ಆಡಬೇಕು. ಜುಲೈ ಕೊನೆಗೆ ಅಣ್ಣ ಸುತ್ತಿಗೆ ಹಿಡಿದು ಒಂದು ಸುತ್ತು ಕುಟ್ಟುತ್ತಾನೆ, ನಾನು ಪಕ್ಕದಲ್ಲಿ ಕೂತು ಕೇಳುತ್ತೇನೆ. ಎರಡೂ ಹ್ಯಾಂಗರ್ ಠಣ್ ಎಂದ ಮೇಲೆಯೇ ಆಗಸ್ಟ್ 1ರ ಲೋಡಿಗೆ ಒಪ್ಪಿಕೊಳ್ಳುವುದು.